ತಾಮ್ರದ ಕಾಸಿನ ಮೈಬಣ್ಣ

ಹಳೆಯ ಮನೆಯ ಅಟ್ಟವನ್ನು ಗುಡಿಸುವಾಗಲೋ, ಹಬ್ಬಕ್ಕೆಂದು ದೇವರ ಪೆಟ್ಟಿಗೆಯನ್ನು ಶುಚಿ ಮಾಡುವಾಗಲೋ ಒಂದು ಬಟ್ಟೆಯ ಗಂಟು ಸಿಕ್ಕುವುದುಂಟು. ಬಿಚ್ಚಿ ನೋಡಿದರೆ ಒಂದು ಹಿಡಿ ತಾಮ್ರದ ದುಡ್ಡು. ಕೆಲವು ಕಂದು, ಕೆಲವು ಕಪ್ಪು, ಒಂದೆರಡು ಹಸಿರು. "ಎಷ್ಟು ಕಿಲುಬು ಹಿಡಿದಿದೆ ನೋಡಿ!" ಎನ್ನುತ್ತಾರೆ ಮನೆಯವರು. ಮರುಗಳಿಗೆಯಲ್ಲಿ ಹುಣಸೆಹಣ್ಣು, ಚಿಟಿಕೆ ಉಪ್ಪು, ತೆಂಗಿನ ನಾರು ಸಿದ್ಧ. ಹತ್ತು ನಿಮಿಷ ತಿಕ್ಕಿದರೆ ಸಾಕು, ದುಡ್ಡೆಲ್ಲ ಹಬ್ಬದ ದಿನದ ಚೊಂಬಿನ ಹಾಗೆ ಥಳಥಳನೆ ಹೊಳೆಯುತ್ತದೆ. ಮನೆಯವರಿಗೆಲ್ಲ ಸಂತೋಷ. ಚರಿತ್ರೆಗೆ ಮಾತ್ರ ಆ ಹತ್ತು ನಿಮಿಷದಲ್ಲಿ ಒಬ್ಬ ಸಾಕ್ಷಿ ಕಡಮೆಯಾಗಿರುತ್ತಾನೆ.

ಇತರರ ಮೇಲೆ ತಪ್ಪು ಹೊರಿಸುವ ಮುನ್ನ ಹೇಳಿಬಿಡುತ್ತೇನೆ: ಈ ಕೆಲಸವನ್ನು ನಾನೂ ಮಾಡಿದ್ದೇನೆ. ಹುಡುಗನಾಗಿದ್ದಾಗ ಮನೆಯ ಗಂಟಿನಲ್ಲಿ ಸಿಕ್ಕಿದ ಒಂದು ದಪ್ಪ ಕಾಸನ್ನು ಬಚ್ಚಲ ಕಲ್ಲಿನ ಮೇಲಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಿದೆ. ಒಂದು ಬದಿಯಲ್ಲಿ ಸೊಂಡಿಲೆತ್ತಿದ ಆನೆ ಎದ್ದು ಬಂತು. ಅದೇ ನನಗೆ ದೊಡ್ಡ ಸಂಭ್ರಮ. ಇನ್ನೊಂದು ಬದಿಯಲ್ಲಿ ಕಪ್ಪು ಮೈಯ ಮೇಲೆ ಮೊದಲು ಕಾಣುತ್ತಿದ್ದ ಬಳ್ಳಿಯಂಥ ಗೆರೆಗಳು ಆ ಕಪ್ಪಿನೊಡನೆ ಕರಗಿಹೋದದ್ದು ಆಗ ಗಮನಕ್ಕೇ ಬರಲಿಲ್ಲ. ಅವು ಪಾರಸೀ ಅಕ್ಷರಗಳು, ಆ ಕಾಸು ಹುಟ್ಟಿದ ಊರಿನ ಹೆಸರು ಅವುಗಳಲ್ಲಿತ್ತು ಎಂಬುದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು.

ನೀವು ಹಾಗೆ ಮಾಡದಿರಬೇಕಾದರೆ ಮೊದಲು ಒಂದು ಮಾತಿನ ತೊಡಕನ್ನು ಬಿಡಿಸಬೇಕು. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು; ತಾಮ್ರ, ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟ ನಮ್ಮ ಹಿರಿಯರು ಜಾಣರೇ ಸರಿ. ಆದರೆ ತಾಮ್ರದ ಮೇಲೆ ಬರುವ ಕಂದು, ಕಪ್ಪು, ಹಸಿರು, ನೀಲಿ ಎಲ್ಲವನ್ನೂ ಕಿಲುಬೆಂಬ ಒಂದೇ ಮಾತಿನ ಗಂಟಿನಲ್ಲಿ ಕಟ್ಟಿಬಿಟ್ಟರು. ಅಡಿಗೆಮನೆಗೆ ಅಷ್ಟು ಸಾಕಾಗಿತ್ತು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಮಾಡಿದರೆ ಕಿಲುಬುತ್ತದೆ, ತಿಂದವರಿಗೆ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಕಿಲುಬೆಂದರೆ ತೊಳೆಯಬೇಕಾದದ್ದು. ನಾಣ್ಯದ ವಿಷಯಕ್ಕೆ ಬಂದರೆ ಈ ಒಂದೇ ಮಾತು ಸಾಲದು. ಅಲ್ಲಿ ಎರಡು ಪದಾರ್ಥಗಳಿವೆ: ಒಂದು ಲೋಹವನ್ನು ಕಾಯುವ ಚರ್ಮ, ಮತ್ತೊಂದು ಲೋಹವನ್ನು ತಿನ್ನುವ ರೋಗ. ಮೊದಲನೆಯದನ್ನು ನಾನಿಲ್ಲಿ ಮೈಬಣ್ಣ ಎಂದು ಕರೆಯುತ್ತೇನೆ. ಕಿಲುಬೆಂಬ ಮಾತನ್ನು ರೋಗಕ್ಕೇ ಬಿಟ್ಟುಕೊಡೋಣ.

ಭದ್ರಾವತಿಯವರಿಗೆ ಈ ಭೇದವನ್ನು ಒಪ್ಪಿಸುವುದು ಸ್ವಲ್ಪ ಕಷ್ಟವಾಗಬಹುದು. ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಆ ಊರಿನಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆಯನ್ನು ಆರಂಭಿಸಿತು. ಅಲ್ಲಿಂದ ಮೂರು ನಾಲ್ಕು ತಲೆಮಾರಿನ ಜನ ಕಬ್ಬಿಣದೊಡನೆ ಬಾಳಿದ್ದಾರೆ. ಲೋಹದ ಮೇಲೆ ಬಣ್ಣ ಬಂದರೆ ಅದು ಶತ್ರು ಎಂಬುದು ಅವರ ಅನುಭವ. ಕಬ್ಬಿಣದ ಮಟ್ಟಿಗೆ ಅದು ನಿಜವೇ. ತುಕ್ಕು ಸಡಿಲವಾದ ಪದಾರ್ಥ. ಉಬ್ಬುತ್ತದೆ, ಹೊಪ್ಪಳೆಯಾಗಿ ಏಳುತ್ತದೆ, ಉದುರುತ್ತದೆ. ಉದುರಿದ ಜಾಗದಲ್ಲಿ ಹೊಸ ಕಬ್ಬಿಣ ಗಾಳಿಗೂ ನೀರಿಗೂ ಮೈಯೊಡ್ಡುತ್ತದೆ, ಮತ್ತೆ ತುಕ್ಕು. ಸರಳು ಮುಗಿಯುವ ತನಕ ಈ ಕೆಲಸ ನಿಲ್ಲುವುದಿಲ್ಲ. ತಾಮ್ರದ ರೀತಿ ಬೇರೆ. ಅದರ ಮೇಲೆ ಬರುವ ಮೊದಲ ಪದರ ಗಟ್ಟಿಯಾಗಿ ಲೋಹಕ್ಕೇ ಅಂಟಿಕೊಂಡು ಕೂರುತ್ತದೆ. ಅದು ದಪ್ಪವಾದಂತೆಲ್ಲ ಒಳಗಿನ ತಾಮ್ರಕ್ಕೆ ಗಾಳಿ ತಲಪುವುದು ಕಡಮೆಯಾಗುತ್ತದೆ, ಬದಲಾವಣೆಯೂ ನಿಧಾನವಾಗುತ್ತದೆ.

ಇದಕ್ಕೆ ಲೋಕಪ್ರಸಿದ್ಧವಾದ ಒಂದು ನಿದರ್ಶನ ನ್ಯೂಯಾರ್ಕಿನ ಬಂದರಿನಲ್ಲಿದೆ. ಅಲ್ಲಿಯ ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನು ನಿಲ್ಲಿಸಿದ್ದು 1886ರಲ್ಲಿ. ಸುಮಾರು ಎರಡೂವರೆ ಮಿಲಿಮೀಟರ್ ದಪ್ಪದ ತಾಮ್ರದ ತಗಡಿನ ಮೈ, ಒಳಗೆ ಕಬ್ಬಿಣದ ಚೌಕಟ್ಟು. ಹೊಸದರಲ್ಲಿ ಕೆಂದಾಮ್ರದ ಬಣ್ಣದಲ್ಲಿದ್ದ ದೇವಿ ಕೆಲವು ದಶಕಗಳಲ್ಲಿ ಹಸಿರಾದಳು. 1984ರಿಂದ 1986ರವರೆಗೆ ಅದನ್ನು ದುರಸ್ತಿ ಮಾಡಿದಾಗ ಏನು ಕಂಡಿತೆಂದು ಬಲ್ಲಿರಾ? ಸಮುದ್ರದ ಗಾಳಿಗೆ ನೂರು ವರ್ಷ ನಿಂತ ತಾಮ್ರದ ತಗಡು ಬಹುಮಟ್ಟಿಗೆ ಗಟ್ಟಿಯಾಗಿಯೇ ಇತ್ತು. ಒಳಗೆ ಮರೆಯಲ್ಲಿದ್ದ ಕಬ್ಬಿಣದ ಪಟ್ಟಿಗಳೇ ತಾಮ್ರದ ಸೋಂಕಿನಿಂದ ತುಕ್ಕು ತಿಂದು ಹೋಗಿದ್ದವು. ಅವನ್ನು ತೆಗೆದು ತುಕ್ಕು ಹಿಡಿಯದ ಉಕ್ಕಿನ ಪಟ್ಟಿಗಳನ್ನು ಹಾಕಿದರು. ಹಸಿರು ಚರ್ಮವನ್ನು ಮಾತ್ರ ಹಾಗೆಯೇ ಉಳಿಸಿದರು. ಅಷ್ಟು ದೊಡ್ಡ ಪ್ರತಿಮೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುವವರು ಯಾರೂ ಅಲ್ಲಿರಲಿಲ್ಲ ಎಂಬುದೂ ಒಂದು ಪುಣ್ಯ.

ಇನ್ನು ನಮ್ಮ ಸೀಮೆಯ ಕಾಸುಗಳಿಗೆ ಬರೋಣ. ಶಿವಮೊಗ್ಗ, ಭದ್ರಾವತಿಗಳ ಮನೆಗಳಲ್ಲಿ ಗಂಟು ಬಿಚ್ಚಿದರೆ ಸಾಮಾನ್ಯವಾಗಿ ಕಾಣಬರುವುದು ಮೂರು ನಾಲ್ಕು ಬಗೆಯವು. ಎಲ್ಲಕ್ಕಿಂತ ಹೆಚ್ಚಾಗಿ ಇಂಗ್ಲಿಷರ ಕಾಲದ ಕಾಲಾಣೆಗಳು. ನಮ್ಮ ಹಿರಿಯರು ಮೂರು ಕಾಸೆಂದು ಕರೆಯುತ್ತಿದ್ದುದು ಇದನ್ನೇ. "ಮೂರು ಕಾಸಿನ ಬೆಲೆಯಿಲ್ಲ" ಎಂಬ ಬಯ್ಗುಳದಲ್ಲಿ ಅದಿನ್ನೂ ಚಲಾವಣೆಯಲ್ಲಿದೆ. 1835ರ ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆಯೂ ವಿಕ್ಟೋರಿಯಾ ರಾಣಿಯ ಕಾಲಾಣೆಯೂ ತಾಮ್ರದವು. 1906ರಿಂದ ಈಚಿನವು ಕಂಚಿನವು. ತಾಮ್ರಕ್ಕೆ ಸ್ವಲ್ಪ ತವರ, ಸ್ವಲ್ಪ ಸತುವು ಬೆರಸಿದ್ದು. ಹೀಗಾಗಿ ಒಂದೇ ಗಂಟಿನಲ್ಲಿದ್ದರೂ ಎರಡರ ಬಣ್ಣ ಒಂದೇ ಆಗಿರುವುದಿಲ್ಲ. 1943ರಿಂದ 1947ರವರೆಗಿನ ತೂತಿನ ಕಾಸನ್ನು ನೋಡಿ ಯಾರೋ ತೂತು ಕೊರೆದು ಹಾಳುಮಾಡಿದ್ದಾರೆಂದು ಮರುಗುವ ಹುಡುಗರನ್ನು ಕಂಡಿದ್ದೇನೆ. ಆ ತೂತು ಟಂಕಸಾಲೆಯದೇ.

ಅದಕ್ಕೂ ಹಿಂದಿನವು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳು. ಕನ್ನಡ ಅಕ್ಷರದಲ್ಲಿ "ಮಯಿಲಿ ಕಾಸು" ಎಂದು ಬರೆದು ಬೆಲೆಯನ್ನೂ ಹೇಳುವ ಈ ನಾಣ್ಯಗಳನ್ನು ಕೈಯಲ್ಲಿ ಹಿಡಿದರೆ ಕನ್ನಡಿಗನಿಗೆ ಒಂದು ಬಗೆಯ ಆತ್ಮೀಯತೆ ಹುಟ್ಟುತ್ತದೆ. ಮೈಸೂರಿನ ಟಂಕಸಾಲೆ ಬೆಂಗಳೂರಿಗೆ ಹೋಗಿ 1843ರಲ್ಲಿ ಮುಚ್ಚಿತು. ಅಲ್ಲಿಗೆ ಅವುಗಳ ಕಥೆ ಮುಗಿಯಿತು. ವಿಜಯನಗರದ ಚಿಕ್ಕ ತಾಮ್ರದ ಕಾಸುಗಳೂ ಅಪರೂಪವಾಗಿ ಸಿಕ್ಕುತ್ತವೆ. ಗರುಡ, ಹನುಮ, ವೃಷಭ, ಆನೆ ಇವೆಲ್ಲ ಅವುಗಳ ಮೇಲಿನ ಮುದ್ರೆಗಳು.

ಆದರೆ ನಮ್ಮ ಜಿಲ್ಲೆಗೆ ತನ್ನದೇ ಎನ್ನಬಹುದಾದ ತಾಮ್ರದ ನಾಣ್ಯ ನಗರದ ಟಂಕಸಾಲೆಯದು. ಕೆಳದಿಯ ಅರಸರು ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿಯನ್ನು ಸಾಗಿಸಿದರಷ್ಟೆ. 1763ರಲ್ಲಿ ಹೈದರಾಲಿ ಆ ಬಿದನೂರನ್ನು ಗೆದ್ದು ಹೈದರನಗರವೆಂದು ಹೆಸರಿಟ್ಟ. ಈಗ ಹೊಸನಗರ ತಾಲ್ಲೂಕಿನಲ್ಲಿ ನಗರವೆಂಬ ಹೆಸರಿನಿಂದ ಇರುವುದು ಅದೇ ಊರು. ಅಲ್ಲಿ ಅವನು ಟಂಕಿಸಿದ ಚಿನ್ನದ ವರಹದಲ್ಲಿ ಶಿವ ಪಾರ್ವತಿಯರ ಹಳೆಯ ಮುದ್ರೆಯನ್ನೇ ಉಳಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಮಾತ್ರ ಹಾಕಿಸಿದ. ಚಿನ್ನಕ್ಕೆ ಕಿಲುಬಿನ ಭಯವಿಲ್ಲ, ಅದರ ಮಾತು ಇಲ್ಲಿ ಬೇಡ. ತನ್ನ ಕೊನೆಯ ವರ್ಷಗಳಲ್ಲಿ ಹೈದರನು ತಾಮ್ರದ ಕಾಸಿನ ಮೇಲೆ ಆನೆಯನ್ನು ತಂದ. ಟೀಪು ಅದನ್ನೇ ಮುಂದುವರಿಸಿ, ನಗರ, ಶ್ರೀರಂಗಪಟ್ಟಣ, ಚಿತ್ರದುರ್ಗ, ಗುತ್ತಿ, ಬೆಂಗಳೂರು, ಧಾರವಾಡ ಹೀಗೆ ಹಲವು ಕಡೆ ಆನೆಯ ಪೈಸೆಗಳನ್ನು ಟಂಕಿಸಿದ. ದೊಡ್ಡದಕ್ಕೆ ಉಸ್ಮಾನಿ, ಪೈಸೆಗೆ ಜೊಹ್ರಾ ಅಂದರೆ ಶುಕ್ರ, ಅರ್ಧಕ್ಕೆ ಬಹ್ರಾಮ್ ಅಂದರೆ ಮಂಗಳ, ಕಾಲಿಗೆ ಅಖ್ತರ್ ಅಂದರೆ ನಕ್ಷತ್ರ, ಅರೆಕಾಲಿಗೆ ಕುತ್ಬ್ ಅಂದರೆ ಧ್ರುವ. ಸಂತೆಯಲ್ಲಿ ಸೊಪ್ಪು ಕೊಳ್ಳುವ ಕಾಸಿಗೆ ಆಕಾಶದ ಹೆಸರುಗಳು!

ಈ ಕಾಸಿನಲ್ಲಿ ಆನೆ ಮುಖ್ಯವಲ್ಲ; ಎಲ್ಲ ಟಂಕಸಾಲೆಗಳಲ್ಲೂ ಆನೆ ಇದೆ. ಮುಖ್ಯವಾದದ್ದು ಹಿಂಬದಿಯ ಊರಿನ ಹೆಸರು, ಮತ್ತು ಇಸವಿ. 1787ರ ಸುಮಾರಿನಿಂದ ಟೀಪು ಮೌಲೂದಿ ಎಂಬ ಹೊಸ ಶಕವನ್ನು ಹಿಡಿದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1215 ಎಂಬುದು ಕಾಸಿನ ಮೇಲೆ 5121 ಎಂದು ಕಂಡರೆ ಗಾಬರಿಯಾಗಬೇಡಿ. ಕೊನೆಯ ವರ್ಷಗಳ ಕೆಲವು ಕಾಸುಗಳಲ್ಲಿ ಆನೆಯ ಮೇಲೆ ಒಂದು ಪುಟ್ಟ ಅರಬ್ಬೀ ಅಕ್ಷರವೂ ಇರುತ್ತದೆ. 1921ರಲ್ಲಿ ಹೆಂಡರ್ಸನ್ ಎಂಬ ವಿದ್ವಾಂಸ ಹೈದರ್ ಮತ್ತು ಟೀಪುವಿನ ನಾಣ್ಯಗಳ ಮೇಲೆ ಒಂದು ಗ್ರಂಥ ಬರೆದ. ಯಾವ ವರ್ಷ ಯಾವ ಊರಿನಲ್ಲಿ ಟಂಕಸಾಲೆ ನಡೆಯುತ್ತಿತ್ತು ಎಂಬುದನ್ನು ಅಂಥವರು ತಿಳಿದದ್ದು ಇಂಥ ಅಕ್ಷರಗಳನ್ನು, ಅಂಕಿಗಳನ್ನು ಒಂದೊಂದಾಗಿ ಓದಿ. ನಗರವನ್ನು 1783ರಲ್ಲಿ ಇಂಗ್ಲಿಷರು ಹಿಡಿದರು, ಅದೇ ವರ್ಷ ಟೀಪು ಮರಳಿ ಪಡೆದ. ಅಂಥ ಗಲಿಬಿಲಿಯ ಕಾಲದ ಊರಿಗೆ ಓದಬರುವ ಇಸವಿಯುಳ್ಳ ಒಂದೊಂದು ಕಾಸೂ ಒಂದು ಕಾಗದಪತ್ರವಿದ್ದಂತೆ. ಊರಿನ ಹೆಸರು ಅಳಿಸಿದ ಆನೆಕಾಸು ತಾಯಿತಂದೆಯ ಗುರುತಿಲ್ಲದ ಮಗು.

ಹಾಗಾದರೆ ಹುಣಸೆಹಣ್ಣಿಗೆ ಅಕ್ಷರ ಏಕೆ ಕರಗಬೇಕು? ಹುಳಿ ಕಿಲುಬನ್ನು ತಾನೆ ತೆಗೆಯುವುದು, ಅಕ್ಷರ ಲೋಹದಲ್ಲಿದೆಯಲ್ಲ ಎಂದು ನೀವು ಕೇಳಬಹುದು. ಎಲ್ಲರೂ ಮೋಸಹೋಗುವುದು ಇಲ್ಲಿಯೇ. ಮೈಬಣ್ಣ ಹೊರಗಿನಿಂದ ಬಂದು ಕೂತ ಧೂಳಲ್ಲ. ಕಾಸಿನ ಮೇಲ್ಮೈಯ ತಾಮ್ರವೇ ಗಾಳಿ, ನೀರು, ಮಣ್ಣುಗಳೊಡನೆ ಸೇರಿ ಆ ಬಣ್ಣದ ಪದಾರ್ಥವಾಗಿ ಮಾರ್ಪಟ್ಟಿದೆ. ನೂರಿನ್ನೂರು ವರ್ಷ ಮಣ್ಣಿನಲ್ಲಿದ್ದ ಕಾಸಿನಲ್ಲಿ ಅಚ್ಚಿನ ಏಟು ಬಿದ್ದಿದ್ದ ಆ ಮೊದಲಿನ ಮೇಲ್ಮೈ ಈಗ ಲೋಹವಾಗಿ ಉಳಿದಿಲ್ಲ. ಪದರದೊಳಗೆ ತನ್ನ ಆಕಾರವನ್ನು ಕಾಪಾಡಿಕೊಂಡು ನಿಂತಿದೆ. ಎಲೆ ಕೊಳೆತುಹೋದರೂ ಅದರ ನರಗಳ ಗುರುತು ಕೆಸರಿನಲ್ಲಿ ಉಳಿಯುವುದಿಲ್ಲವೆ, ಹಾಗೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಆ ಪದರವನ್ನು ಕರಗಿಸುತ್ತದೆ. ಪದರ ಹೋದರೆ ಅದರೊಡನೆ ಅಕ್ಷರವೂ ಹೋಯಿತು. ಕೆಳಗೆ ಉಳಿಯುವುದು ತರಿತರಿಯಾದ ಕೆಂಪು ತಾಮ್ರ ಮಾತ್ರ.

ಇದರ ಮೇಲೆ ಉಪ್ಪು ಬೇರೆ. ಹುಣಸೆಗೆ ಉಪ್ಪು ಬೆರಸಿದರೆ ಬೇಗ ಬೆಳಗುತ್ತದೆಂಬುದು ನಮ್ಮ ಹೆಂಗಸರು ಬಲ್ಲ ರಹಸ್ಯ. ಚೊಂಬಿಗೆ ಅದರಿಂದ ಕೇಡಿಲ್ಲ. ಚೊಂಬನ್ನು ದಿನವೂ ನೀರಿನಲ್ಲಿ ಗಲಬರಿಸಿ ಒಣಗಿಸುತ್ತೇವೆ. ಕಾಸಿನ ಸೂಕ್ಷ್ಮವಾದ ಕುಳಿಗಳಲ್ಲಿ ಸಿಕ್ಕಿಕೊಂಡ ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. ಅದು ಮುಂದೆ ಏನು ಮಾಡುತ್ತದೆಂಬುದನ್ನು ಸ್ವಲ್ಪ ಹೊತ್ತಿನ ಮೇಲೆ ಹೇಳುತ್ತೇನೆ.

ಮೈಬಣ್ಣ ಬರುವ ಕ್ರಮವನ್ನು ನೋಡೋಣ. ಹೊಸ ತಾಮ್ರ ನಸುಗೆಂಪು. ಗಾಳಿ ತಾಕಿದ ಕೆಲವೇ ದಿನಗಳಲ್ಲಿ ಅದರ ಮೇಲೆ ಆಮ್ಲಜನಕ ಸೇರಿದ ತೆಳು ಪೊರೆ ಹುಟ್ಟುತ್ತದೆ, ಬಣ್ಣ ಕೆಂಗಂದು. ಇದೇ ತಳಹದಿ. ಕೈಯಿಂದ ಕೈಗೆ ಓಡಾಡಿ, ಪೆಟ್ಟಿಗೆಯಲ್ಲಿ ಕೂತು, ಗಂಧಕದ ಸೋಂಕು ತಗಲಿದಂತೆ ಅದು ಚಾಕೊಲೇಟಿನ ಕಂದು, ಆಮೇಲೆ ಕಪ್ಪಿಗೆ ತಿರುಗುತ್ತದೆ. ಮಣ್ಣಿನಲ್ಲಿದ್ದರೆ ಅಂಗಾರಾಮ್ಲವೂ ನೀರೂ ಸೇರಿ ಹಸಿರು ಪದರ ಬರುತ್ತದೆ. ಕೆಲವೊಮ್ಮೆ ಅಲ್ಲಲ್ಲಿ ನೀಲಿ. ಈ ಹಸಿರಿಗೆ ಮಾಲಕೈಟ್ ಎಂದು ಹೆಸರು, ಒಡವೆಗಳಲ್ಲಿ ಕೂರಿಸುವ ಹಸಿರು ಕಲ್ಲು ಅದೇ. ಕಲ್ಲಿನಷ್ಟು ಗಟ್ಟಿಯಾಗಿ, ನಯವಾಗಿ ಅದು ಕಾಸಿನ ಮೇಲೆ ಹರಡಿದ್ದರೆ ಅದಕ್ಕಿಂತ ಒಳ್ಳೆಯ ಕಾಪು ಬೇರಿಲ್ಲ.

ಮಣ್ಣಿನ ಗುಣವನ್ನೂ ಇಲ್ಲಿ ನೆನೆಯಬೇಕು. ನಗರ, ತೀರ್ಥಹಳ್ಳಿಗಳ ಕಡೆ ಜಂಬಿಟ್ಟಿಗೆಯ ಮಣ್ಣು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರನ್ನು ಮೀರಿ ಮಳೆ ಸುರಿಯುತ್ತದೆಂದರೆ ಆ ಸೀಮೆಯ ಮಣ್ಣಿನಲ್ಲಿ ಸುಣ್ಣದಂಥ ಸಾರವೆಲ್ಲ ತೊಳೆದುಹೋಗಿ ಹುಳಿಯ ಗುಣ ಉಳಿಯುವುದರಲ್ಲಿ ಆಶ್ಚರ್ಯವೇನು? ಅಂಥ ಮಣ್ಣಿನಲ್ಲಿ ತಾಮ್ರ ಬೇಗ ಸವೆಯುತ್ತದೆ, ಕಾಸಿನ ಮೈ ಸಿಡುಬಿನ ಮುಖದಂತೆ ಕುಳಿಕುಳಿಯಾಗುತ್ತದೆ. ಸುಣ್ಣದ ಅಂಶವಿರುವ ಬಯಲುಸೀಮೆಯ ಎರೆಮಣ್ಣು ಹಾಗಲ್ಲ. ಅಲ್ಲಿ ಗಟ್ಟಿ ಹಸಿರು ಪದರ ಬರುವುದೇ ಹೆಚ್ಚು. ಶಿವಮೊಗ್ಗ ಈ ಎರಡರ ಬಾಗಿಲಲ್ಲಿರುವ ಊರು, ಎರಡು ಬಗೆಯವೂ ಇಲ್ಲಿ ಬಂದು ಸೇರುತ್ತವೆ. ಇನ್ನು ಕೂಡಲಿಯಂಥ ಸಂಗಮದಲ್ಲಿ ಯಾತ್ರಿಕರು ನೀರಿಗೆಸೆದ ಕಾಸುಗಳದು ಮೂರನೆಯ ಜಾತಿ. ಹೂಳಿನಲ್ಲಿ ಹುದುಗಿ ಕಾಡಿಗೆಯಂತೆ ಕಪ್ಪಾಗಿರುತ್ತವೆ. ಮರಳು ಉಜ್ಜಿ ಅಂಚೂ ಅಕ್ಷರವೂ ದುಂಡಗಾಗಿರುತ್ತವೆ. ಅಲ್ಲಿ ಕಪ್ಪು ಸಹಜ, ಸವೆತ ನಷ್ಟ. ಒಂದೇ ಕಾಸಿನಲ್ಲಿ ಎರಡೂ ಇರುತ್ತವೆ.

ಹಾಗಾದರೆ ಗುರುತಿಸುವುದು ಹೇಗೆ? ಬೇಕಾದ ಸಾಮಗ್ರಿ ದೊಡ್ಡದೇನಲ್ಲ: ಹತ್ತು ಪಟ್ಟು ದೊಡ್ಡದಾಗಿ ತೋರುವ ಒಂದು ಭೂತಗನ್ನಡಿ, ಕಿಟಕಿಯ ಓರೆ ಬೆಳಕು, ಒಂದು ಹಲ್ಲುಕಡ್ಡಿ, ಸ್ವಲ್ಪ ಹತ್ತಿ. ಕಾಸಿನ ಅಂಚನ್ನು ಮಾತ್ರ ಹಿಡಿಯಿರಿ. ಕೈಯ ಬೆವರೂ ಉಪ್ಪೇ.

ಮೊದಲು ಬಣ್ಣ ಹೇಗೆ ಹರಡಿದೆಯೆಂದು ನೋಡಿ. ಸಹಜವಾದ ಮೈಬಣ್ಣ ಉಬ್ಬಿನ ಮೇಲೂ ತಗ್ಗಿನಲ್ಲೂ ಒಂದೇ ಜೇಡ ನೇಯ್ದ ಬಲೆಯಂತೆ ತುಂಡಾಗದೆ ಹೋಗುತ್ತದೆ. ಆನೆಯ ಬೆನ್ನಿನಂಥ ಎತ್ತರದ ಜಾಗದಲ್ಲಿ ತಿಳಿ ಕಂದು, ಅಕ್ಷರದ ಬುಡದಲ್ಲಿ ಗಾಢ; ಈ ಏರಿಳಿತ ಮೆಲ್ಲಮೆಲ್ಲಗೆ ಆಗುತ್ತದೆ. ಹತ್ತಿಯಿಂದ ಮೃದುವಾಗಿ ಒರಸಿದರೆ ಬಣ್ಣ ಬರುವುದಿಲ್ಲ. ಓರೆ ಬೆಳಕಿನಲ್ಲಿ ಮೈಗೆ ಹಳೆಯ ತೇಗದ ಕಂಬದಂಥ ಒಂದು ಮಂದ ಹೊಳಪಿರುತ್ತದೆ. ಅಕ್ಷರದ ಅಂಚುಗಳು ಪದರದಲ್ಲಿಯೇ ಚೂಪಾಗಿ ನಿಂತಿರುತ್ತವೆ. ಇಂಥ ಕಾಸು ಕಪ್ಪಾಗಿರಲಿ, ಹಸಿರಾಗಿರಲಿ, ಅದಕ್ಕೆ ಕೈ ಹಚ್ಚಬೇಡಿ. ಬಣ್ಣ ನಿಮ್ಮ ಕಣ್ಣಿಗೆ ಹಿಡಿಸದಿದ್ದರೆ ಅದು ಕಾಸಿನ ತಪ್ಪಲ್ಲ.

ತೊಳೆದ ಕಾಸಿನ ಲಕ್ಷಣ ಬೇರೆ. ಮೈಯೆಲ್ಲ ಒಂದೇ ಸಮನಾದ ಕಿತ್ತಳೆ ಕೆಂಪು; ನಾರು, ಬೂದಿ ಎಳೆದ ಕೂದಲಿನಂಥ ಗೀರುಗಳು ಒಂದೇ ದಿಕ್ಕಿಗೆ; ನಾರು ತಲಪದ ಅಕ್ಷರದ ಸಂದಿಯಲ್ಲಿ ಮಾತ್ರ ಹಳೆಯ ಕಪ್ಪಿನ ಚೂರು. ಹಾಗೆ ತೊಳೆದದ್ದಕ್ಕೆ ಗಂಧಕದ ಮದ್ದು ಹಚ್ಚಿ, ಇಲ್ಲವೆ ಕಾಯಿಸಿ, ಮತ್ತೆ ಹಳೆಯದರಂತೆ ತೋರಿಸುವವರೂ ಇದ್ದಾರೆ. ಆ ಬಣ್ಣ ಹಚ್ಚಿದ ಬಣ್ಣವೇ. ಎತ್ತರ ತಗ್ಗುಗಳ ಭೇದವಿಲ್ಲದೆ ಬಳಿದಂತಿರುತ್ತದೆ, ಇಲ್ಲವೆ ನವಿಲುಗರಿಯ ಹಾಗೆ ನೀಲಿ ನೇರಳೆ ಮಿಂಚುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣದ ಕೆಳಗೇ ತೊಳೆದ ಗೀರುಗಳು ಕಾಣುತ್ತವೆ. ಮುಖಕ್ಕೆ ಪೌಡರು ಹಾಕಿದರೆ ಗಾಯದ ಕಲೆ ಹೋಗುವುದೆ?

ಗೀರು, ಬಿರುಕುಗಳ ವಿಷಯದಲ್ಲಿ ಒಂದು ಸುಲಭವಾದ ಸೂತ್ರವಿದೆ: ಗಾಯದೊಳಗಿನ ಬಣ್ಣವನ್ನು ನೋಡಿ. ಟೀಪುವಿನ ಕಾಸುಗಳ ಅಂಚು ಎಷ್ಟೋ ವೇಳೆ ಸೀಳಿರುತ್ತದೆ. ಅಚ್ಚಿನ ಮೇಲೆ ಸುತ್ತಿಗೆಯ ಏಟು ಬಿದ್ದಾಗಲೇ ಬಿಲ್ಲೆ ಬಿರಿದದ್ದು. ಸೀಳಿನ ಒಳಮೈಗೂ ಕಾಸಿನ ಮೇಲ್ಮೈಗೂ ಒಂದೇ ಬಣ್ಣವಿದ್ದರೆ ಅದು ಹುಟ್ಟಿನ ಗುರುತು, ಇಲ್ಲವೆ ಬಹಳ ಹಳೆಯ ಗಾಯ. ಒಳಗೆ ಕೆಂಪು ತಾಮ್ರ ಇಣುಕಿದರೆ ನಿನ್ನೆ ಮೊನ್ನೆಯ ಗಾಯ. ಅಚ್ಚು ಪಕ್ಕಕ್ಕೆ ಸರಿದು ಅರ್ಧ ಅಕ್ಷರವಷ್ಟೆ ಬಿದ್ದಿರುವುದೂ ಉಂಟು. ಅದನ್ನು ಸವೆತವೆಂದು ಎಣಿಸಬಾರದು. ಸರಕ್ಕೆ ಪೋಣಿಸಲೆಂದು ಕೊರೆದ ತೂತು, ಬೆಸುಗೆ ಹಾಕಿದ ಕೊಂಡಿ, ಇವು ನಷ್ಟವೇ. ಆದರೆ ಯಾರದೋ ಮಗುವಿನ ಕೊರಳಲ್ಲಿ ಇದ್ದ ಕಾಸೆಂದರೆ ನನಗೆ ಅದರ ಮೇಲೆ ಸಿಟ್ಟು ಬರುವುದಿಲ್ಲ.

ಒಂದು ಚಿಕ್ಕ ತಕ್ಕಡಿ ಸಿಕ್ಕಿದರೆ ತೂಕವೂ ಸಾಕ್ಷಿ ಹೇಳುತ್ತದೆ. ಟೀಪುವಿನ ಪೈಸೆ ಸುಮಾರು 11 ಗ್ರಾಂ, ಅದರ ಎರಡರಷ್ಟರದು 22ರಿಂದ 23. ವಿಕ್ಟೋರಿಯಾ ಕಾಲಾಣೆ ಸುಮಾರು ಆರೂವರೆ ಗ್ರಾಂ. ನಿಮ್ಮ ಪೈಸೆ 8ಕ್ಕೋ 9ಕ್ಕೋ ಇಳಿದಿದ್ದರೆ ಮೇಲಿನ ಬಣ್ಣ ಎಷ್ಟೇ ಚೆನ್ನಾಗಿರಲಿ, ಲೋಹ ಸಾಕಷ್ಟು ಹೋಗಿದೆಯೆಂದು ತಿಳಿಯಬೇಕು.

ಇನ್ನು ನಿಜವಾದ ಕಿಲುಬಿನ ಮಾತು. ಕಂಚಿನ ರೋಗವೆಂದು ತಿಳಿದವರು ಇದನ್ನು ಕರೆಯುತ್ತಾರೆ. ಶುದ್ಧ ತಾಮ್ರಕ್ಕೂ ಬರುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡು ತಾಮ್ರದೊಡನೆ ಸೇರಿ ಪದರದ ಅಡಿಯಲ್ಲಿ ಕೂತಿರುತ್ತದೆ. ಒಣಗಿರುವಷ್ಟು ಕಾಲ ಸುಮ್ಮನಿರುತ್ತದೆ. ತೇವದ ಗಾಳಿ ತಾಕಿತೋ, ಅದು ಒಡೆದು ತಿಳಿಹಸಿರು ಪುಡಿಯೂ ಒಂದಿಷ್ಟು ಉಪ್ಪಿನ ಆಮ್ಲವೂ ಆಗುತ್ತವೆ. ಆ ಆಮ್ಲ ಕೆಳಗಿನ ತಾಮ್ರವನ್ನು ತಿಂದು ಮತ್ತೆ ಮೊದಲಿನ ಪದಾರ್ಥವೇ ಹುಟ್ಟುತ್ತದೆ. ಮತ್ತೆ ತೇವ, ಮತ್ತೆ ಪುಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬರ್ತೆಲೊ ಈ ಚಕ್ರವನ್ನು ವಿವರಿಸಿದ. ತಾಮ್ರವು ಕಬ್ಬಿಣದಂತೆ ನಡೆದುಕೊಳ್ಳುವುದು ಇಲ್ಲಿ ಮಾತ್ರ: ಒಮ್ಮೆ ಹಿಡಿದರೆ ತಾನಾಗಿ ನಿಲ್ಲುವುದಿಲ್ಲ.

ಇದನ್ನು ಗುರುತಿಸುವುದು ಕಷ್ಟವಲ್ಲ. ಒಳ್ಳೆಯ ಹಸಿರು ಗಾಢ, ಗಟ್ಟಿ, ನಯ. ರೋಗದ ಹಸಿರು ಪೇಲವ, ಹಿಟ್ಟಿನಂತೆ, ಚುಕ್ಕೆ ಚುಕ್ಕೆಯಾಗಿ ಉಬ್ಬಿ ಬರುತ್ತದೆ. ಹಲ್ಲುಕಡ್ಡಿಯಿಂದ ಮುಟ್ಟಿದರೆ ಉದುರುತ್ತದೆ, ಅದರಡಿ ಒಂದು ಕುಳಿ. ಕಾಸು ಇಟ್ಟ ಕಾಗದದ ಮೇಲೆ ಮಾರನೆಯ ವಾರ ಹಸಿರು ಹುಡಿ ಬಿದ್ದಿರುತ್ತದೆ. ಸಂದೇಹವಿದ್ದರೆ ತೇವದ ಡಬ್ಬಿಯಲ್ಲಿಟ್ಟು ಪರೀಕ್ಷಿಸುವ ಕ್ರಮವೊಂದು ತಜ್ಞರಲ್ಲಿದೆ. ನಮ್ಮ ಊರುಗಳಿಗೆ ಅದು ಬೇಕಾಗಿಲ್ಲ. ಜೂನ್ ತಿಂಗಳು ಬಂದರೆ ಮಳೆಯೇ ಪರೀಕ್ಷೆ ನಡೆಸುತ್ತದೆ. ಬೇಸಗೆಯಲ್ಲಿ ಆರೋಗ್ಯವಾಗಿ ಕಂಡ ಕಾಸನ್ನು ಆಷಾಢದಲ್ಲಿ ಮತ್ತೊಮ್ಮೆ ನೋಡಿ.

ಹಸಿರಾಗಿ ಕಂಡದ್ದೆಲ್ಲ ಈ ರೋಗವಲ್ಲ ಎಂಬುದೂ ನೆನಪಿರಲಿ. ದೇವರ ಮುಂದಿಟ್ಟ ಕಾಸಿಗೆ ದೀಪದೆಣ್ಣೆ ಸೋಕಿ ಮೇಣದಂಥ ನೀಲಿಹಸಿರು ಜಿಡ್ಡು ಕಟ್ಟಿರುತ್ತದೆ. ಮೆತ್ತನೆಯ ಪ್ಲಾಸ್ಟಿಕ್ಕಿನ ಚೀಲಗಳುಳ್ಳ ಕೆಲವು ನಾಣ್ಯದ ಪುಸ್ತಕಗಳಲ್ಲಿ ವರ್ಷಗಟ್ಟಲೆ ಇಟ್ಟರೆ ಆ ಪ್ಲಾಸ್ಟಿಕ್ಕೇ ಆಮ್ಲ ಬಿಟ್ಟು ಕಾಸಿನ ಮೇಲೆ ಅಂಟಂಟು ಹಸಿರು ಹುಟ್ಟುತ್ತದೆ. ಎಣ್ಣೆಯ ಜಿಡ್ಡಿಗೂ ಪ್ಲಾಸ್ಟಿಕ್ಕಿನ ಅಂಟಿಗೂ ಶುದ್ಧವಾದ ಅಸಿಟೋನು ಸಾಮಾನ್ಯವಾಗಿ ಸಾಕು. ಕಿಟಕಿ ತೆರೆದಿಟ್ಟು, ಬೆಂಕಿ ದೀಪಗಳಿಂದ ದೂರವಿದ್ದು, ಅದ್ದಿ ತೆಗೆಯಿರಿ, ತಿಕ್ಕಬೇಡಿ. ಮಣ್ಣು ಮಾತ್ರ ಮೆತ್ತಿದ್ದರೆ ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿ ಹಲ್ಲುಕಡ್ಡಿಯಿಂದ ಬಿಡಿಸಿ, ಚೆನ್ನಾಗಿ ಒಣಗಿಸಿದರಾಯಿತು. ಅದಕ್ಕಿಂತ ಮುಂದೆ ಹೋಗುವುದು ಮನೆಯಲ್ಲಿ ಮಾಡುವ ಕೆಲಸವಲ್ಲ. ಕಂಚಿನ ರೋಗಕ್ಕೆ ಔಷಧಿಗಳಿವೆ. 1967ರಿಂದ ಈಚೆಗೆ ಬೆಂಜೋಟ್ರೈಯಜೋಲ್ ಎಂಬುದನ್ನು ವಸ್ತುಸಂಗ್ರಹಾಲಯಗಳಲ್ಲಿ ಬಳಸುತ್ತಾರೆ. ಆದರೆ ಅದು ವಿಷದ ಪದಾರ್ಥ, ಬಲ್ಲವರ ಕೈಯಲ್ಲಿರಬೇಕು.

ನಿಮ್ಮ ಪಾಲಿನ ಕೆಲಸವೆಂದರೆ ರೋಗದ ಕಾಸನ್ನು ಬೇರೆಯಿಟ್ಟು ಒಣಗಿಸಿಡುವುದು. ಗಾಳಿಯ ತೇವ ನೂರಕ್ಕೆ ನಲವತ್ತಕ್ಕಿಂತ ಕೆಳಗಿದ್ದರೆ ರೋಗ ಮಲಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದು ತಾನಾಗಿ ಆಗುವ ಮಾತಲ್ಲ. ಬಿಗಿ ಮುಚ್ಚಳದ ಡಬ್ಬಿ, ಅದರೊಳಗೆ ಔಷಧಿಯ ಶೀಶೆಗಳಲ್ಲಿ ಬರುವಂಥ ಸಿಲಿಕಾ ಜೆಲ್ಲಿನ ಪೊಟ್ಟಣ ಇಷ್ಟಿದ್ದರೆ ಸಾಕು. ಪೊಟ್ಟಣವನ್ನು ಆಗಾಗ ಬದಲಿಸುತ್ತಿರಬೇಕು. ಒಂದೊಂದು ಕಾಸನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಎಲ್ಲಿ ಸಿಕ್ಕಿತು, ಯಾರ ಮನೆಯದು, ತೂಕವೆಷ್ಟು ಎಂದು ಮೇಲೆ ಬರೆಯಿರಿ. ಆ ಒಂದು ಸಾಲಿನ ಬರಹ ಎಷ್ಟೋ ವೇಳೆ ಕಾಸಿಗಿಂತ ಬೆಲೆಯುಳ್ಳದ್ದು. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಗಡಿಗೆಯೇ ಸಿಕ್ಕಿದರೆ ಮಾತು ಬೇರೆ. 1878ರ ನಿಧಿ ಕಾಯಿದೆಯ ಕಾಲದಿಂದಲೂ ಅದನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಸಿಕ್ಕಿದವನ ಕರ್ತವ್ಯ. ಗಡಿಗೆಯನ್ನು ತೊಳೆಯದೆ, ಮಣ್ಣಿನ ಸಮೇತ ಒಪ್ಪಿಸಬೇಕು.

ಕಣ್ಣಿಗೆ ಅಭ್ಯಾಸವಾಗಬೇಕಾದರೆ ಒಳ್ಳೆಯ ಕಾಸುಗಳನ್ನು ನೋಡಬೇಕು. ಶಿವಮೊಗ್ಗೆಯ ಹತ್ತಿರ ಲಕ್ಕಿನಕೊಪ್ಪದಲ್ಲಿರುವ "ಅಮೂಲ್ಯ ಶೋಧ" ಸಂಗ್ರಹಾಲಯದಲ್ಲಿ ಹಳೆಯ ನಾಣ್ಯಗಳ ದೊಡ್ಡ ಸಂಗ್ರಹವಿದೆ. ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ, ಬಣ್ಣವನ್ನೇ ನೋಡಿ ಬನ್ನಿ. ಯಾರ ಕಾಲದ್ದೆಂಬುದನ್ನು ಚೀಟಿ ಓದಿ ತಿಳಿಯಬಹುದು. ಬಣ್ಣವನ್ನು ಯಾವ ಚೀಟಿಯೂ ಹೇಳುವುದಿಲ್ಲ.

ನಾನು ತಿಕ್ಕಿದ ಆ ಆನೆಕಾಸು ಈಗಲೂ ನನ್ನಲ್ಲಿದೆ. ಇಷ್ಟು ವರ್ಷಗಳಲ್ಲಿ ಅದಕ್ಕೆ ಮತ್ತೆ ಒಂದು ಬಣ್ಣ ಬಂದಿದೆ. ಮಂಕು ಕಂದು, ಏರಿಳಿತವಿಲ್ಲದ್ದು. ತಗ್ಗಿನಲ್ಲಿ ಎರಡು ಕಡೆ ತಿಳಿಹಸಿರು ಚುಕ್ಕೆಗಳು ಎದ್ದು, ಒಣಗಿಸಿಟ್ಟ ಮೇಲೆ ಸುಮ್ಮನಾಗಿವೆ. ಅಂದಿನ ಉಪ್ಪಿನದೇ ಇರಬೇಕು. ಹಿಂಬದಿಯಲ್ಲಿ ಸಂಜೆಯ ಓರೆ ಬೆಳಕು ಬಿದ್ದಾಗ ಭೂತಗನ್ನಡಿಯಲ್ಲಿ ಒಂದು ವಾಲಿದ ಗೆರೆ ಕಾಣುತ್ತದೆ. ನಗರವೆಂದು ಪಾರಸಿಯಲ್ಲಿ ಬರೆದರೆ ನಡುವಣ ಅಕ್ಷರ ಗಾಫ್, ಅದರ ತಲೆಯ ಮೇಲೆ ಅಂಥದೊಂದು ಗೆರೆ ಇರುತ್ತದೆ. ಪಟ್ಟಣವೆಂಬ ಹೆಸರಿನಲ್ಲಿ ಇರುವುದಿಲ್ಲ. ಬೆಂಗಳೂರೆಂದು ಬರೆದರೂ ಅದು ಬರುತ್ತದೆ. ಹೀಗೆ ಎರಡು ಊರುಗಳ ನಡುವೆ ಆ ಕಾಸು ನಿಂತಿದೆ.